ಕರಾರು ಕೆಲಸ ಬಿಟ್ಟು ಮಂಗಳೂರಿಗೆ ಹೋಗಲೇ?

ಪ್ರಶ್ನೆ: ಎಂಬಿಬಿಎಸ್ ಮುಗಿಸಿ ಎರಡು ವರ್ಷದಿಂದ ಇಲ್ಲೇ ಹತ್ತಿರದ ಕುಟುಂಬಾರೋಗ್ಯ ಕೇಂದ್ರದಲ್ಲಿದ್ದೇನೆ, ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಮಿಷನ್) ಕರಾರಿನ ಮೇಲೆ. ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದು ಜಾಸ್ತಿ ಸಂಬಳಕ್ಕೆ ಕರೆಯುತ್ತಿದೆ. ಸರ್ಕಾರಿ ವಿಮೆ ಬಂದಮೇಲೆ ಡಾಕ್ಟರುಗಳ ಸಂಪಾದನೆ ಇಳಿಯುತ್ತದೆ ಅಂತಲೂ ಹೇಳುತ್ತಾರೆ. ಏನು ಮಾಡಲಿ?
- ಯುವ ವೈದ್ಯೆ, ಪೆರ್ಲ (ಕಾಸರಗೋಡು)

ಉತ್ತರ: ವಿಮೆಯ ಭಯ ಸದ್ಯ ಬಿಡಿ, ಡಾಕ್ಟರೇ. 2018ರಲ್ಲಿ ಬಂದ ಕೇಂದ್ರ ಸರ್ಕಾರದ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಕೇರಳದಲ್ಲಿ ಅದು ರಾಜ್ಯದ ಕಾರುಣ್ಯ ಆರೋಗ್ಯ ಯೋಜನೆಯ ಜೊತೆ ಸೇರಿದೆ. ಒಂದೊಂದು ಆಪರೇಷನ್‌ಗೂ ಇಷ್ಟೇ ಅಂತ ಪ್ಯಾಕೇಜ್ ಇದೆ. ಬೆಡ್, ಔಷಧಿ, ಸರ್ಜನ್ ಫೀಸು ಎಲ್ಲ ಅದರಲ್ಲೇ ಆಗಬೇಕು. ಹಾಗಾಗಿ ಪೆಟ್ಟು ಬೀಳುವುದು ಮೊದಲು ಪರ್ಸೆಂಟೇಜ್ ಲೆಕ್ಕದಲ್ಲಿ ದುಡಿಯುವ ತಜ್ಞರಿಗೆ. ತಿಂಗಳ ಸಂಬಳದ ಡ್ಯೂಟಿ ಡಾಕ್ಟರಿಗೆ ನೇರವಾಗಿ ತಟ್ಟುವುದಿಲ್ಲ. ಆದರೆ ಸರ್ಕಾರದ ಹಣ ತಡವಾದರೆ ಸಣ್ಣ ಆಸ್ಪತ್ರೆಗಳಲ್ಲಿ ಸಂಬಳವೂ ತಡವಾಗಬಹುದು.

ನನಗೆ ಚಿಂತೆ ಇರುವುದು ನಿಮ್ಮ ಕರಾರಿನ ಬಗ್ಗೆ. ಕೇರಳ ಸರ್ಕಾರದ ಆರೋಗ್ಯ ಯೋಜನೆ ಆರ್ದ್ರಂ ಮಿಷನ್ 2017ರಲ್ಲಿ ಶುರುವಾದ ಮೇಲೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕುಟುಂಬಾರೋಗ್ಯ ಕೇಂದ್ರಗಳಾದವು. ಸಂಜೆಯ ಒಪಿ (ಹೊರರೋಗಿ ವಿಭಾಗ) ಬಂತು, ಕೆಲಸ ಹೆಚ್ಚಿತು. ಆದರೆ ನಿಮ್ಮ ಸಂಬಳ ಬರುವ ಎನ್‌ಎಚ್‌ಎಂ ಹಣದಲ್ಲಿ ನೂರಕ್ಕೆ 60 ಪಾಲು ಕೇಂದ್ರ ಸರ್ಕಾರದ್ದು, 40 ರಾಜ್ಯದ್ದು. ಈ ಆರೋಗ್ಯ ಕೇಂದ್ರಗಳಿಗೆ 'ಆಯುಷ್ಮಾನ್ ಆರೋಗ್ಯ ಮಂದಿರ' ಅಂತ ಹೆಸರಿಡುವ ಜಗಳದಲ್ಲೇ ಕೇರಳಕ್ಕೆ ಆ ಹಣ ನಿಂತಿತ್ತು, ನೆನಪಿದೆ ಅಲ್ವಾ? ಒಂದು ಬೋರ್ಡಿನ ವಿಷಯಕ್ಕೆ ಹಣ ನಿಲ್ಲಬಹುದಾದರೆ ಅದನ್ನೇ ನೆಚ್ಚಿಕೊಂಡು ಮನೆ ಸಾಲ ಮಾಡಬೇಡಿ.

ಕೇರಳ ಪಿಎಸ್‌ಸಿಯ 'ತುಳಸಿ' ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿದ್ದೀರಾ? ಇಲ್ಲವಾದರೆ ಈ ವಾರವೇ ಮಾಡಿ. ಅಸಿಸ್ಟೆಂಟ್ ಸರ್ಜನ್ (ಕಾಯಂ ಸರ್ಕಾರಿ ವೈದ್ಯರ) ಹುದ್ದೆಗೆ ಕರೆದಾಗ ಅರ್ಜಿ ಹಾಕಿ. ರ‍್ಯಾಂಕ್ ಪಟ್ಟಿಗೆ ಹೆಚ್ಚೆಂದರೆ ಮೂರು ವರ್ಷ ಆಯುಸ್ಸು, ಹಾಗಾಗಿ ಒಂದು ಅವಕಾಶ ತಪ್ಪಿದರೆ ತುಂಬಾ ಕಾಯಬೇಕಾಗುತ್ತದೆ. 2013ರ ಏಪ್ರಿಲ್ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ನಿಜ. ಆದರೂ ಕೆಲಸ ಕಾಯಂ.

ನೀವು ಇಲ್ಲೇ ಉಳಿಯಲಿ ಅನ್ನುವುದು ನನ್ನ ಆಸೆ, ಮುಚ್ಚಿಡುವುದಿಲ್ಲ. 2020ರ ಕೊರೊನಾ ಕಾಲದಲ್ಲಿ ಕರ್ನಾಟಕ ಗಡಿಯ ತಲಪಾಡಿ ರಸ್ತೆ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ನಮ್ಮವರು ಜೀವ ಬಿಟ್ಟರು. ಕನ್ನಡ, ತುಳುವಿನಲ್ಲಿ ನೋವು ಹೇಳಿಕೊಳ್ಳುವ ಅಜ್ಜಿಗೆ ಆ ಮಾತಿನಲ್ಲೇ ಉತ್ತರ ಕೊಡುವ ಡಾಕ್ಟರು ಈ ಕಡೆ ಬೇಕು.

ಹಾಗಂತ ಮನೆಯ ಕಷ್ಟ ನಿಮಗೇ ಗೊತ್ತು. ಹೋಗುವುದೇ ಆದರೆ ಮೊದಲು ನೇಮಕಾತಿ ಆರ್ಡರ್ ಓದಿ. 'ಕನ್ಸಲ್ಟೆಂಟ್' ಅಂತ ಬರೆದು 10 ಪರ್ಸೆಂಟ್ ತೆರಿಗೆ (ಟಿಡಿಎಸ್) ಹಿಡಿದರೆ ಸಾಮಾನ್ಯವಾಗಿ ಪಿಎಫ್ ಇರುವುದಿಲ್ಲ, ಗ್ರಾಚ್ಯುಯಿಟಿಯೂ ಇರುವುದಿಲ್ಲ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಿ. ಕೆಲಸದಿಂದ ತೆಗೆಯುವುದಾದರೆ ಎಷ್ಟು ತಿಂಗಳ ನೋಟಿಸ್ ಕೊಡುತ್ತಾರೆ ಅನ್ನುವುದನ್ನು ಬರೆಸಿಕೊಂಡೇ ಸಹಿ ಹಾಕಿ.