ಡ್ಯಾಶ್‌ಬೋರ್ಡಿನ ಸ್ವಿಚ್ ಕರಗಿತೆಂದರೆ…

ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನ ಕಡೆಯಿಂದ ಪಿಕಪ್‌ನ ಹೆಚ್ಚುವರಿ ದೀಪಗಳ ಬಗ್ಗೆ ಪ್ರಶ್ನೆಗಳು ಶುರುವಾಗುತ್ತವೆ. ಊರು ಬೇರೆ, ವಾಹನ ಬೇರೆ, ತಪ್ಪು ಮಾತ್ರ ಒಂದೇ. ಈ ಸಲ ಒಂದು ಪ್ರಶ್ನೆಗೆ ಮಾತ್ರ ವಿವರವಾಗಿ ಉತ್ತರಿಸುತ್ತೇನೆ. ಉಳಿದವರು ಬೇಸರಿಸಬಾರದು.

ಪ್ರಶ್ನೆ: ತೋಟದ ಕೆಲಸದ ಪಿಕಪ್‌ಗೆ ಬಂಪರಿನ ಮೇಲೆ 100 ವಾಟಿನ ಎರಡು ಹ್ಯಾಲೊಜೆನ್ ದೀಪ, ಕ್ಯಾಬಿನ್ ಮೇಲೆ 120 ವಾಟಿನ ಎಲ್‌ಇಡಿ ಬಾರ್ ಹಾಕಿಸಿದೆ. ಹೆಡ್‌ಲೈಟಿನ ವೈರಿನಿಂದಲೇ ಕರೆಂಟು ಎಳೆದಿದ್ದಾರೆ. ಅರ್ಧ ಗಂಟೆ ಓಡಿಸುವಷ್ಟರಲ್ಲಿ ಸ್ವಿಚ್ ಕರಗಿತು. ಬದಲಿಸಿದ್ದೂ ಕರಗಿತು. ಯಾವ ಕಂಪನಿಯ ಗಟ್ಟಿ ಸ್ವಿಚ್ ಹಾಕಿಸಲಿ? (ಮೂಡಿಗೆರೆಯ ಓದುಗರು)

ಉತ್ತರ: ಯಾವ ಕಂಪನಿಯದೂ ಬೇಡ. ಸ್ವಿಚ್ ಕರಗಿದ್ದೇ ನಿಮ್ಮ ಪುಣ್ಯ, ಇಲ್ಲದಿದ್ದರೆ ವೈರು ಕರಗುತ್ತಿತ್ತು. ಒಟ್ಟು 320 ವಾಟ್. ಅದನ್ನು 12 ವೋಲ್ಟಿನಿಂದ ಭಾಗಿಸಿ: ಸುಮಾರು 27 ಆಂಪಿಯರ್. ಎಂಜಿನ್ ಓಡುತ್ತಿರುವಾಗ ವೋಲ್ಟೇಜ್ 14ರ ಆಸುಪಾಸಿಗೆ ಏರುವುದರಿಂದ ಹ್ಯಾಲೊಜೆನ್ ಇನ್ನೂ ಸ್ವಲ್ಪ ಹೆಚ್ಚೇ ಎಳೆಯುತ್ತದೆ. ಆ ಹೆಡ್‌ಲೈಟ್ ವೈರನ್ನು ಹಾಕಿದ್ದು 60 ವಾಟಿನ ಎರಡು ಬಲ್ಬುಗಳಿಗೆ, ಅಂದರೆ 10 ಆಂಪಿಯರಿಗೆ. ಹೆಡ್‌ಲೈಟಿನ ಜೊತೆ ಇವನ್ನೂ ಹೊತ್ತಿಸಿದರೆ ಅದೇ ವೈರು 37 ಆಂಪಿಯರ್ ಹೊರಬೇಕು.

ಹಾಗಾದರೆ ಫ್ಯೂಸ್ ಏಕೆ ಹೋಗಲಿಲ್ಲ? ಇದನ್ನು ನೀವು ಕೇಳಬೇಕಿತ್ತು. ಫ್ಯೂಸ್ ಬಾಕ್ಸ್ ತೆರೆದು ನೋಡಿ. ಹೆಡ್‌ಲೈಟಿನ ಜಾಗದಲ್ಲಿ ಹಸಿರು ಫ್ಯೂಸ್ ಇದ್ದರೆ ಅದು 30 ಆಂಪಿಯರಿನದು, ನಿಮ್ಮ ಮೆಕ್ಯಾನಿಕ್ ಸದ್ದಿಲ್ಲದೆ ಬದಲಿಸಿದ್ದಾನೆ ಎಂದರ್ಥ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸನ್ನೂ ನಾನು ಕೈಯಾರೆ ಕಿತ್ತಿದ್ದೇನೆ. ‘ಫ್ಯೂಸ್ ಪದೇ ಪದೇ ಹೋಗುತ್ತಿತ್ತು, ಅದಕ್ಕೆ ದಪ್ಪದ್ದು ಹಾಕಿದೆ’ ಎನ್ನುವವರ ಅಂಗಡಿಗೆ ಮತ್ತೆ ಕಾಲಿಡಬೇಡಿ. ಫ್ಯೂಸ್ ಇರುವುದು ದೀಪವನ್ನು ಉಳಿಸಲಿಕ್ಕಲ್ಲ, ವೈರನ್ನು ಉಳಿಸಲಿಕ್ಕೆ. ಆದ್ದರಿಂದ ವೈರಿನ ದಪ್ಪ ನೋಡಿ ಫ್ಯೂಸ್ ಆರಿಸಬೇಕು.

ಈಗ ಅದನ್ನೆಲ್ಲ ಬಿಚ್ಚಿಸಿ, ಹೆಡ್‌ಲೈಟಿನ ವೈರನ್ನು ಮೊದಲಿದ್ದಂತೆ ಮಾಡಿಸಿ. ಹೊಸ ದೀಪಗಳಿಗೆ ಕರೆಂಟು ನೇರವಾಗಿ ಬ್ಯಾಟರಿಯಿಂದ ಬರಲಿ, ರಿಲೇ ಮೂಲಕ. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್. ಹ್ಯಾಲೊಜೆನ್ ಜೋಡಿಗೆ ಒಂದು ರಿಲೇ, 4 ಚದರ ಮಿಲಿಮೀಟರಿನ ವೈರು, 25 ಆಂಪಿಯರಿನ ಫ್ಯೂಸ್. ಎಲ್‌ಇಡಿ ಬಾರಿಗೆ ಇನ್ನೊಂದು ರಿಲೇ, 2.5ರ ವೈರು, 15ರ ಫ್ಯೂಸ್. ಒಂದೇ ರಿಲೇಯಲ್ಲಿ ಎರಡನ್ನೂ ಸಾಗಿಸಬಹುದು ಎಂದು ಹೇಳುವವರಿದ್ದಾರೆ. ರಿಲೇಯ ಮೈಮೇಲೆ 40 ಆಂಪಿಯರ್ ಎಂದು ಅಚ್ಚಾಗಿರುತ್ತದೆ, ನಿಜ. ಬಾನೆಟ್ಟಿನೊಳಗಿನ ಸೆಕೆಯಲ್ಲಿ ನಾನು ಅದನ್ನು ನಂಬುವುದಿಲ್ಲ. ಅಲ್ಲದೆ ಒಂದು ಕೆಟ್ಟರೆ ಇನ್ನೊಂದಾದರೂ ಘಾಟಿ ಇಳಿಸುತ್ತದೆ.

ರಿಲೇಯ ಕಾಲುಗಳಿಗೆ ಸಂಖ್ಯೆಗಳಿರುತ್ತವೆ: 30ಕ್ಕೆ ಬ್ಯಾಟರಿ, 87ಕ್ಕೆ ದೀಪ, 85 ಮತ್ತು 86 ರಿಲೇಯನ್ನು ಎಳೆಯುವ ಒಳಗಿನ ಸುರುಳಿಗೆ. ಐದು ಕಾಲಿನ ರಿಲೇಯಲ್ಲಿ ನಡುವೆ ಇರುವ 87ಎ ಗೆ ದೀಪ ಕೊಟ್ಟು, ‘ಸ್ವಿಚ್ ಹಾಕಿದರೆ ಆರುತ್ತದೆ, ತೆಗೆದರೆ ಹೊತ್ತುತ್ತದೆ’ ಎಂದು ದೂರುವವರಿಗೆ ನಾನು ಉತ್ತರ ಬರೆಯುವುದನ್ನು ನಿಲ್ಲಿಸಿದ್ದೇನೆ. ಸುರುಳಿ ಎಳೆಯುವುದು ಕಾಲು ಆಂಪಿಯರಿಗಿಂತ ಕಡಿಮೆ. ನಿಮ್ಮ ಹಳೆಯ ಸ್ವಿಚ್ಚಿನಂಥದೇ ಸಣ್ಣ ಸ್ವಿಚ್ ಅದಕ್ಕೆ ಧಾರಾಳವಾಯಿತು. ಆ ಸ್ವಿಚ್ಚಿಗೆ ಹೈಬೀಮಿನಿಂದ ಸಂಕೇತ ಕೊಡಿಸಿ. ಎದುರಿನವರಿಗಾಗಿ ಡಿಪ್ ಮಾಡಿದ ಕೂಡಲೇ ಎಲ್ಲವೂ ಆರುತ್ತವೆ. ಕೆಲವು ವಾಹನಗಳಲ್ಲಿ ಹೆಡ್‌ಲೈಟನ್ನು ಅರ್ಥ್ ಕಡೆಯಿಂದ ನಿಯಂತ್ರಿಸಿರುತ್ತಾರೆ, ಆದ್ದರಿಂದ ಮೆಕ್ಯಾನಿಕ್ ಮೊದಲು ಮಲ್ಟಿಮೀಟರ್ ಹಿಡಿದು ನೋಡಲಿ.

ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಇದರಲ್ಲಿ ನನ್ನದು ಹಠವೇ. ಒಂದು ಆಗಸ್ಟಿನ ರಾತ್ರಿ ಸಕಲೇಶಪುರದ ಕಡೆಯ ಪಿಕಪ್ಪೊಂದು ನನ್ನ ಶೆಡ್ಡಿಗೆ ಬಂತು. ವೈರು ಎಂಜಿನ್ನಿನ ಕಡೆಯಿಂದ ಕ್ಯಾಬಿನ್ನಿಗೆ ಬರುವ ರಂಧ್ರಕ್ಕೆ ಅಂಚು ಮುಚ್ಚುವ ರಬ್ಬರಿನ ಬಳೆ (ಗ್ರೊಮೆಟ್) ಹಾಕಿರಲಿಲ್ಲ. ಗಾಡಿ ಅಲುಗಾಡಿ ತಗಡಿನ ಅಂಚು ಪ್ಲಾಸ್ಟಿಕ್ ಹೊದಿಕೆಯನ್ನು ಗರಗಸದಂತೆ ಕೊಯ್ದಿತ್ತು. ಫ್ಯೂಸ್ ಇತ್ತು, ಆದರೆ ಆ ಕಡೆ, ದೀಪದ ಪಕ್ಕದಲ್ಲಿ! ತಾಮ್ರ ತಗಡಿಗೆ ತಾಗಿದಾಗ ಆ ಫ್ಯೂಸಿಗೆ ಸುದ್ದಿಯೇ ಮುಟ್ಟಲಿಲ್ಲ. ಕಾಲ ಬುಡದ ಮ್ಯಾಟ್ ಹೊತ್ತಿ, ಚಾಲಕ ಬ್ಯಾಟರಿಯ ಟರ್ಮಿನಲ್ಲನ್ನು ಬರಿಗೈಯಲ್ಲಿ ಕಿತ್ತು ಗಾಡಿ ಉಳಿಸಿದ್ದ. ಅವನ ಅಂಗೈ ನೋಡಿದ ಮೇಲೆ, ಫ್ಯೂಸ್ ಬೇಡವೆನ್ನುವ ಗಿರಾಕಿಯನ್ನು ನಾನು ವಾಪಸು ಕಳಿಸುತ್ತೇನೆ.

ವೈರು ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಕೆಂಪು ಹೋಗಿ ಬಿಳಿ ಕಂಡರೆ ಅದು ತಾಮ್ರದ ನೀರು ಕುಡಿಸಿದ ಅಲ್ಯುಮಿನಿಯಂ, ಅಲ್ಲೇ ಬಿಟ್ಟು ಬನ್ನಿ. ಮನೆಯ ವೈರಿಂಗಿನಲ್ಲಿ ಉಳಿದ ತುಂಡೂ ಬೇಡ. ಅದರ ಎಳೆಗಳು ದಪ್ಪ, ಅದುರಿ ಅದುರಿ ತುಂಡಾಗುತ್ತವೆ. ಅರ್ಥ್ ವೈರು ಕೂಡ ಅಷ್ಟೇ ದಪ್ಪವಿರಲಿ, ಬೋಲ್ಟ್ ಕೂರುವ ಕಡೆ ಪೇಂಟ್ ಕೆರೆದು ತಗಡಿನ ಹೊಳಪು ಕಾಣಲಿ. ರಿಲೇಯ ಕಾಲುಗಳು ಕೆಳಮುಖವಾಗಿದ್ದರೆ ನೀರು ನಿಲ್ಲುವುದಿಲ್ಲ.

ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ದೀಪ ಹೊತ್ತಿಸಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ದೀಪದ ಪ್ಲಸ್‌ಗೆ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಹಣ ಕೊಡಬೇಡಿ. ಒಂದು ವೋಲ್ಟ್ ದಾರಿಯಲ್ಲೇ ಸೋರಿದರೆ ಹ್ಯಾಲೊಜೆನ್ನಿನ ಬೆಳಕಿನಲ್ಲಿ ಕಾಲು ಭಾಗ ಹೋದಂತೆ. ‘100 ವಾಟ್ ಸಾಲದು, 130 ಹಾಕಿಸಲೇ’ ಎಂದು ಬರೆಯುವ ಬಹುತೇಕರ ರೋಗ ಇದೇ.

ಪ್ರಶ್ನೆ: ದೊಡ್ಡ ಬ್ಯಾಟರಿ ಹಾಕಿದರೆ ಸಾಲದೇ?

ಉತ್ತರ: ಸಾಲದು. ಓಡುವಾಗ ಕರೆಂಟು ಕೊಡುವುದು ಬ್ಯಾಟರಿಯಲ್ಲ, ಎಂಜಿನ್ ತಿರುಗಿಸುವ ಆಲ್ಟರ್ನೇಟರ್. ಎಂಜಿನ್ ಆರಿಸಿ ದೀಪದ ಬೆಳಕಿನಲ್ಲಿ ಕಾಫಿ ಮೂಟೆ ಹೇರುವವರಂತೂ ಬೆಳಿಗ್ಗೆ ಗಾಡಿ ತಳ್ಳಲು ಆಳು ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ: ಮಂಜಿಗೆ ಎಷ್ಟು ವಾಟಿನ ದೀಪ ಬೇಕು?

ಉತ್ತರ: ವಾಟಿನಿಂದ ಮಂಜು ಕರಗುವುದಿಲ್ಲ. ಕ್ಯಾಬಿನ್ ಮೇಲಿನ ಬಾರ್ ಆರಿಸಿ. ದೀಪ ಬಂಪರಿನ ಕೆಳಗಿರಲಿ, ನೆಲ ನೋಡಲಿ.

ಪ್ರಶ್ನೆ: ಪೊಲೀಸರು ಹಿಡಿಯುತ್ತಾರೆಯೇ?

ಉತ್ತರ: ಹಿಡಿಯುತ್ತಾರೆ, ಹಿಡಿಯಲೂ ಬೇಕು. ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ 2024ರಲ್ಲಿ ರಾಜ್ಯದಾದ್ಯಂತ ಕೇಸು ಹಾಕಿದರು. ಬಾರ್ ಇರುವುದು ತೋಟದ ದಾರಿಗೆ. ಡಾಂಬರು ರಸ್ತೆ ಮುಟ್ಟುವ ಮೊದಲು ಆರಿಸಿ, ಮುಸುಕು ಹಾಕಿ.

ಪ್ರಶ್ನೆ: ದೀಪ ಜೋರಾಗಿದ್ದರೆ ಆನೆ ದಾರಿ ಬಿಡುತ್ತದೆಯೇ?

ಉತ್ತರ: ನಾನು ಎಲೆಕ್ಟ್ರಿಷಿಯನ್. ಅರಣ್ಯ ಇಲಾಖೆಯವರನ್ನು ಕೇಳಿ, ಅಲ್ಲಿಯವರೆಗೆ ಆನೆಯ ಮುಖಕ್ಕೆ ಬಿಡಬೇಡಿ.