ಜರ್ಮನಿಯಲ್ಲಿ ಮ್ಯಾನೇಜ್‌ಮೆಂಟ್ ಓದು: ಹುಬ್ಬಳ್ಳಿಯ ಪ್ರಶ್ನೆಗೆ ಮಾನ್‌ಹೈಮ್‌ನಿಂದ ಉತ್ತರ

ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಹುಬ್ಬಳ್ಳಿಯಲ್ಲಿ ಬಿ.ಕಾಂ. ಮುಗಿಸಿ, ಬೆಂಗಳೂರಿನಲ್ಲಿ ಜರ್ಮನ್ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂರು ವರ್ಷ ಕೆಲಸ ಮಾಡಿರುವ ನಿಮಗೆ ಬರ್ಲಿನ್‌ನ ಖಾಸಗಿ ಬಿಸಿನೆಸ್ ಸ್ಕೂಲೊಂದರಲ್ಲಿ ಸೀಟು ಸಿಕ್ಕಿದೆ. ಒಟ್ಟು ಶುಲ್ಕ 22,000 ಯೂರೋ, ಮುಂಗಡ ಕಟ್ಟಿಬಿಡಿ ಎಂದು ಏಜೆಂಟರು ಅವಸರ ಮಾಡುತ್ತಿದ್ದಾರೆ. ಅದನ್ನು ಒಪ್ಪಿಕೊಳ್ಳುವುದೇ ಅಥವಾ ಒಂದು ವರ್ಷ ತಡೆದು ಮಾನ್‌ಹೈಮ್‌ನಂಥ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಪ್ರಯತ್ನಿಸುವುದೇ, ಓದಿದ ಮೇಲೆ ಕೆಲಸ ಸಿಗುವುದೇ, ಈಗಾಗಲೇ ಮಾಡಿಕೊಂಡಿರುವ ಆನ್‌ಲೈನ್ ಸರ್ಟಿಫಿಕೇಟುಗಳಿಗೆ ಇಲ್ಲಿ ಬೆಲೆ ಇದೆಯೇ ಎಂದು ಕೇಳಿದ್ದೀರಿ. ನಾನು ಓದಿದ್ದು ಇಲ್ಲಿಯೇ. ಬಹಳ ವರ್ಷಗಳಿಂದ ಇಲ್ಲಿನ ಒಂದು ಯಂತ್ರೋಪಕರಣ ಕಂಪನಿಯ ಕಂಟ್ರೋಲಿಂಗ್, ಅಂದರೆ ಖರ್ಚು ಮತ್ತು ಬಜೆಟ್ಟಿನ ಮೇಲೆ ನಿಗಾ ಇಡುವ ವಿಭಾಗದಲ್ಲಿದ್ದೇನೆ. ಹೊಸಬರ ಅರ್ಜಿಗಳನ್ನು ಓದಿ ಆರಿಸುವ ಕೆಲಸವೂ ಆಗಾಗ ನನ್ನ ಪಾಲಿಗೆ ಬರುತ್ತದೆ. ಮೇಜಿನ ಆ ಬದಿಯಲ್ಲಿ ಕುಳಿತು ಕಂಡದ್ದನ್ನೇ ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ಮ್ಯಾನೇಜ್‌ಮೆಂಟ್ ಓದಿದವರಿಗೆ ಕೆಲಸ ಕೊಡಿಸುವುದರಲ್ಲಿ ಪದವಿಯ ಪಾಲಿಗಿಂತ, ಓದುವಾಗಲೇ ಇಲ್ಲಿನ ಕಂಪನಿಯೊಂದರಲ್ಲಿ ಮಾಡಿದ ಅರೆಕಾಲಿಕ ಕೆಲಸದ ಪಾಲು ಮತ್ತು ಆ ಕೆಲಸಕ್ಕೆ ಸಾಲುವಷ್ಟು ಜರ್ಮನ್ ಭಾಷೆಯ ಪಾಲು ದೊಡ್ಡದು. ಹಾಗಾಗಿ ಯಾವ ಸ್ಕೂಲು ಎಂಬ ಪ್ರಶ್ನೆಯನ್ನು, ಈ ಎರಡಕ್ಕೆ ಅದು ನಿಮ್ಮ ಕೈಯಲ್ಲಿ ಎಷ್ಟು ಸಮಯ ಮತ್ತು ಎಷ್ಟು ಹಣ ಉಳಿಸುತ್ತದೆ ಎಂಬ ಲೆಕ್ಕದಿಂದ ನೋಡಬೇಕು. ಆ ಲೆಕ್ಕದಲ್ಲಿ ನಿಮ್ಮ ಬರ್ಲಿನ್ ಸೀಟು ನನಗೆ ದುಬಾರಿಯಾಗಿಯೇ ಕಾಣುತ್ತದೆ.

ನಮ್ಮಲ್ಲಿ ಐಐಎಂ ಬೆಂಗಳೂರಿನಿಂದ ಹಿಡಿದು ಜಿಲ್ಲಾ ಕೇಂದ್ರದ ಎಂಬಿಎ ಕಾಲೇಜಿನವರೆಗೆ ಎಲ್ಲವನ್ನೂ ಪ್ಲೇಸ್‌ಮೆಂಟಿನ ಮೇಲೆಯೇ ತೂಗುತ್ತೇವೆ. ಕಂಪನಿಗಳು ಕ್ಯಾಂಪಸ್ಸಿಗೆ ಬಂದು, ಪರೀಕ್ಷೆ ಮತ್ತು ಸಂದರ್ಶನ ನಡೆಸಿ, ಓದು ಮುಗಿಯುವ ಮೊದಲೇ ಆಫರ್ ಕೊಟ್ಟು ಹೋಗುತ್ತವೆ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಅಂಥ ಹಂಗಾಮು ಇಲ್ಲ. ವೃತ್ತಿ ಮಾರ್ಗದರ್ಶನ ಕೇಂದ್ರವಿರುತ್ತದೆ, ವರ್ಷಕ್ಕೊಮ್ಮೆಯೋ ಎರಡು ಸಲವೋ ಕಂಪನಿಗಳ ಮೇಳ ನಡೆಯುತ್ತದೆ. ಉಳಿದದ್ದು ನಿಮ್ಮ ಅರ್ಜಿ, ನಿಮ್ಮ ಓಡಾಟ. ನಿಮ್ಮ ಏಜೆಂಟರು ಕಳಿಸಿದ ಕೈಪಿಡಿಯಲ್ಲಿ ‘ಪ್ಲೇಸ್‌ಮೆಂಟ್ ನೆರವು’ ಎಂದು ಬರೆದಿದೆಯಂತೆ. ಆ ನೆರವು ಬಹುಮಟ್ಟಿಗೆ ಬಯೋಡೇಟಾ ತಿದ್ದುವ ಕಾರ್ಯಾಗಾರವಾಗಿರುತ್ತದೆ.

ಖಾಸಗಿ ಎಂದ ಮಾತ್ರಕ್ಕೆ ಕಳಪೆ ಎಂದು ತಿಳಿಯಬೇಡಿ. ಲೈಪ್‌ಜಿಗ್‌ನ ಎಚ್‌ಎಚ್‌ಎಲ್ 1898ರಲ್ಲಿ ವಾಣಿಜ್ಯ ಮಹಾಶಾಲೆಯಾಗಿ ಆರಂಭವಾದದ್ದು. ಫಲೆಂಡಾರ್‌ನ ಡಬ್ಲ್ಯುಎಚ್‌ಯು 1984ರದು. ಬರ್ಲಿನ್‌ನಲ್ಲಿಯೇ 25 ಕಂಪನಿಗಳು ಮತ್ತು ಉದ್ಯಮ ಸಂಘಗಳು ಸೇರಿ 2002ರಲ್ಲಿ ಕಟ್ಟಿದ ಇಎಸ್‌ಎಂಟಿ ಇದೆ. ಅದು ಪಾಠ ನಡೆಸುವುದು ಹಿಂದಿನ ಪೂರ್ವ ಜರ್ಮನಿಯ ರಾಜ್ಯ ಪರಿಷತ್ತಿನ ಕಟ್ಟಡದಲ್ಲಿ. ಸಮಾಜವಾದಿ ಸರ್ಕಾರ ಕಟ್ಟಿಸಿದ ಸಭಾಂಗಣದಲ್ಲಿ ಇಂದು ಬಂಡವಾಳ ಮಾರುಕಟ್ಟೆಯ ಪಾಠ ನಡೆಯುವುದನ್ನು ನೋಡುವುದಕ್ಕಾದರೂ ಒಮ್ಮೆ ಹೋಗಿಬನ್ನಿ. ಇವುಗಳ ಶುಲ್ಕ ಹೆಚ್ಚು, ಆದರೆ ಹೆಸರು ಹೇಳಿದರೆ ಇಲ್ಲಿನ ಕಂಪನಿಯವರಿಗೆ ಗೊತ್ತಾಗುತ್ತದೆ. ನಿಮಗೆ ಸೀಟು ಕೊಟ್ಟಿರುವ ಸಂಸ್ಥೆ ಈ ಸಾಲಿನದಲ್ಲ. ವಿದೇಶಿ ವಿದ್ಯಾರ್ಥಿಗಳನ್ನೇ ನೆಚ್ಚಿಕೊಂಡು, ವರ್ಷಕ್ಕೆ ಹಲವು ಬ್ಯಾಚು ತುಂಬಿಸಿಕೊಳ್ಳುವ ಸ್ಕೂಲುಗಳು ದೊಡ್ಡ ನಗರಗಳಲ್ಲಿ ಸಾಕಷ್ಟಿವೆ. ಅವುಗಳ ತರಗತಿಯಲ್ಲಿ ಜರ್ಮನ್ ಸಹಪಾಠಿಗಳು ಸಿಗುವುದೇ ಅಪರೂಪ.

ಇನ್ನು ಹಣದ ವಿಷಯ. ಮಾನ್‌ಹೈಮ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವು 2017ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಪ್ರತಿ ಸೆಮಿಸ್ಟರಿಗೆ 1,500 ಯೂರೋ ಬೋಧನಾ ಶುಲ್ಕ ವಿಧಿಸುತ್ತದೆ. ನಾಲ್ಕು ಸೆಮಿಸ್ಟರಿಗೆ 6,000. ಅದರ ಮೇಲೆ ಎಲ್ಲರೂ ಕಟ್ಟುವ ಸಣ್ಣ ಸೆಮಿಸ್ಟರ್ ಶುಲ್ಕ. ನಿಮ್ಮ ಬರ್ಲಿನ್ ಸೀಟಿಗೂ ಇದಕ್ಕೂ ಇರುವ ಅಂತರ 16,000 ಯೂರೋ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಲು ಬಿಡುವ ಖಾತೆಯಲ್ಲಿ, ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ಈ ದರದಲ್ಲಿ ಆ ಅಂತರದ ಹಣ ಹದಿನಾರು ತಿಂಗಳ ಜೀವನ ವೆಚ್ಚಕ್ಕೆ ಸಮ. ಶೈಕ್ಷಣಿಕ ಸಾಲದ ಬಡ್ಡಿ ಓಡುತ್ತಿರುವಾಗ ಹದಿನಾರು ತಿಂಗಳ ನಿರಾಳ ಎಂದರೆ ಏನು ಎಂಬುದನ್ನು ಲೆಕ್ಕಪತ್ರದವರಾದ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಾನ್‌ಹೈಮ್‌ನ ಸೀಟು ಸುಲಭವೆಂದು ಮಾತ್ರ ಎಣಿಸಬೇಡಿ. 1907ರಲ್ಲಿ ವಾಣಿಜ್ಯ ಶಾಲೆಯಾಗಿ ಹುಟ್ಟಿ, ಇಂದು ಹಳೆಯ ಅರಮನೆಯೊಂದರಲ್ಲಿ ನಡೆಯುತ್ತಿರುವ ಈ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಮಾಸ್ಟರ್ಸ್‌ಗೆ ಜಿಮ್ಯಾಟ್ ಅಥವಾ ಜಿಆರ್‌ಇ ಪ್ರವೇಶ ಪರೀಕ್ಷೆಯ ಅಂಕ ಬೇಕು, ಪದವಿಯ ಅಂಕವೂ ಗಟ್ಟಿಯಾಗಿರಬೇಕು. ಇಲ್ಲಿ 1.0 ಅತ್ಯುತ್ತಮ, 4.0 ಎಂದರೆ ಕೇವಲ ಉತ್ತೀರ್ಣ. ನಮ್ಮ ಶೇಕಡಾವಾರನ್ನು ಬವೇರಿಯನ್ ಸೂತ್ರ ಎಂಬುದರಿಂದ ಬದಲಾಯಿಸುತ್ತಾರೆ: ಗರಿಷ್ಠ ಅಂಕದಿಂದ ನಿಮ್ಮ ಅಂಕವನ್ನು ಕಳೆದು, ಅದನ್ನು ಗರಿಷ್ಠ ಮತ್ತು ಉತ್ತೀರ್ಣ ಅಂಕಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ನೀವು ಬರೆದ 72ಕ್ಕೆ, ಉತ್ತೀರ್ಣದ ಅಂಕ 40 ಎಂದಿಟ್ಟುಕೊಂಡರೆ, 2.4 ಬರುತ್ತದೆ. ಮಾನ್‌ಹೈಮ್‌ಗೆ ಇದು ಗಡಿಯ ಅಂಕ, ಜಿಮ್ಯಾಟ್ ಮೇಲೆತ್ತಬೇಕು. ಅಂಕ ಕೈಕೊಟ್ಟರೆ ಇದೇ ರಾಜ್ಯದಲ್ಲಿ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಗಳಿವೆ. ಕಂಪನಿಗಳ ಜೊತೆಗಿನ ಒಡನಾಟ ಅಲ್ಲಿ ಇನ್ನೂ ಹತ್ತಿರದ್ದು. ನಮ್ಮವರು ಅವನ್ನು ಪಾಲಿಟೆಕ್ನಿಕ್ ಎಂದು ತಪ್ಪಾಗಿ ತಿಳಿದು ದೂರವಿಡುತ್ತಾರೆ, ಅದು ಸರಿಯಲ್ಲ.

ಇಂಜಿನಿಯರ್ ಆಗಿರುವ, ಮೂವತ್ತು ದಾಟಿದ ನಿಮ್ಮ ಅಣ್ಣನವರ ಬಗ್ಗೆಯೂ ಒಂದು ಸಾಲಿನಲ್ಲಿ ಕೇಳಿದ್ದೀರಿ. ಅವರ ದಾರಿ ಬೇರೆ. ಸರ್ಕಾರಿ ವಿಶ್ವವಿದ್ಯಾಲಯಗಳ ಮ್ಯಾನೇಜ್‌ಮೆಂಟ್ ಮಾಸ್ಟರ್ಸ್ ಬಹುಪಾಲು ಪದವಿಯ ಮುಂದುವರಿಕೆ, ಬಿ.ಇ.ಯಲ್ಲಿ ವಾಣಿಜ್ಯ ವಿಷಯಗಳ ಕ್ರೆಡಿಟ್ಟು ಸಾಲದೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಅವರಿಗೆ ಇರುವುದು ಕೆಲಸದ ಅನುಭವ ಕೇಳುವ, ಶುಲ್ಕವೂ ಹೆಚ್ಚಿರುವ ಎಂಬಿಎ, ಇಲ್ಲವೇ ಇಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ಬೆರೆತ ಕೋರ್ಸು. ಸರ್ಕಾರಿ ಆರೋಗ್ಯ ವಿಮೆಯ ವಿದ್ಯಾರ್ಥಿ ದರವೂ ಮೂವತ್ತರ ನಂತರ ಸಿಗುವುದಿಲ್ಲ ಎಂಬುದನ್ನು ಅವರು ಬಜೆಟ್ಟಿನಲ್ಲಿ ಸೇರಿಸಿಕೊಳ್ಳಲಿ.

ಓದುವ ಬಗೆಗೆ ಬರೋಣ. ಇಲ್ಲಿ ಉಪನ್ಯಾಸಕ್ಕೆ ಹಾಜರಿ ಕರೆಯುವುದು ಕಡಿಮೆ, ಇಂಟರ್ನಲ್ಸ್ ಎಂಬ ಆಸರೆಯೂ ಕಡಿಮೆ. ಹಲವು ವಿಷಯಗಳಲ್ಲಿ ಸೆಮಿಸ್ಟರಿನ ಕೊನೆಯ ಒಂದೇ ಪರೀಕ್ಷೆ ಎಲ್ಲವನ್ನೂ ತೀರ್ಮಾನಿಸುತ್ತದೆ, ಮತ್ತು ಆ ಪರೀಕ್ಷೆಗೆ ಪೋರ್ಟಲ್‌ನಲ್ಲಿ ಗಡುವಿನೊಳಗೆ ಪ್ರತ್ಯೇಕವಾಗಿ ನೋಂದಾಯಿಸದಿದ್ದರೆ ಕೋಣೆಯೊಳಗೆ ಬಿಡುವುದಿಲ್ಲ. ಯಾರೂ ನೆನಪಿಸುವುದೂ ಇಲ್ಲ. ಕಡ್ಡಾಯ ವಿಷಯವೊಂದರಲ್ಲಿ ನಿಯಮ ಕೊಟ್ಟ ಅವಕಾಶಗಳೆಲ್ಲ ಮುಗಿದರೂ ಉತ್ತೀರ್ಣರಾಗದಿದ್ದರೆ ಕೋರ್ಸಿನಿಂದಲೇ ಹೊರಬೀಳಬೇಕಾಗುತ್ತದೆ. ಜಾಣರಾದ ನಮ್ಮ ಹುಡುಗರು ಮೊದಲ ಸೆಮಿಸ್ಟರಿನಲ್ಲಿ ತತ್ತರಿಸುವುದು ಪಾಠದ ಕಷ್ಟಕ್ಕಿಂತ ಹೆಚ್ಚಾಗಿ ಈ ಮೌನಕ್ಕೆ.

ಆದರೆ ನಿಜವಾದ ಕಲಿಕೆ ನಡೆಯುವುದು ವೆರ್ಕ್‌ಸ್ಟುಡೆಂಟ್ ಕೆಲಸದಲ್ಲಿ, ಅಂದರೆ ಓದಿಗೆ ಹೊಂದುವ ಕೆಲಸವನ್ನು ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ ಇಪ್ಪತ್ತು ಗಂಟೆಯವರೆಗೆ ಮಾಡುವುದರಲ್ಲಿ. ನಮ್ಮಂಥ ಹೊರದೇಶದ ವಿದ್ಯಾರ್ಥಿಗಳಿಗೆ 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆ. ಅದಕ್ಕೆ ಮೊದಲು 120 ಮತ್ತು 240 ಇತ್ತು. ಹೋಟೆಲಿನಲ್ಲಿ ತಟ್ಟೆ ತೊಳೆದೋ ಮನೆಮನೆಗೆ ಊಟ ತಲುಪಿಸಿಯೋ ಈ ದಿನಗಳನ್ನು ಕಳೆದವರಿಗೆ ಬಾಡಿಗೆ ಹುಟ್ಟುತ್ತದೆ, ಆದರೆ ಅರ್ಜಿಯಲ್ಲಿ ಬರೆಯಲು ಏನೂ ಹುಟ್ಟುವುದಿಲ್ಲ.

ನಮ್ಮ ವಿಭಾಗದ ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನವನ್ನು ಉದಾಹರಣೆಯಾಗಿ ಕೊಡುತ್ತೇನೆ. ಸರಕು ಬಂದಿದೆ, ಇನ್‌ವಾಯ್ಸ್ ಬಂದಿಲ್ಲ ಎಂಬ ಸಾಲುಗಳು ಲೆಕ್ಕ ಇಡುವ ಎಸ್‌ಎಪಿ ಸಾಫ್ಟ್‌ವೇರಿನಲ್ಲಿ ಪುಟಗಟ್ಟಲೆ ನಿಂತಿರುತ್ತವೆ. ಕಳೆದ ವರ್ಷ ನಮ್ಮಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಅಂಥ ಒಂದು ದೊಡ್ಡ ಮೊತ್ತದ ಸಾಲನ್ನು ಹಿಡಿದು ಕುಳಿತಳು. ಇಮೇಲ್ ಬರೆದು ಕಾಯಬಹುದಿತ್ತು. ಅವಳು ಡೆಲಿವರಿ ಚೀಟಿಯ ಸಂಖ್ಯೆಯನ್ನು ಕಾಗದದ ಮೇಲೆ ಗುರುತು ಹಾಕಿಕೊಂಡು, ಪೂರೈಕೆದಾರನ ಗೋದಾಮಿಗೆ ನೇರವಾಗಿ ಫೋನು ಮಾಡಿ, ತನ್ನ ತಡವರಿಸುವ ಜರ್ಮನ್‌ನಲ್ಲಿ ಎರಡು ಸಲ ಕೇಳಿ, ಅರ್ಧ ಸರಕು ದೋಷವಿದೆಯೆಂದು ವಾಪಸು ಹೋಗಿರುವುದನ್ನೂ ಅದಕ್ಕಾಗಿ ಬಿಲ್ಲು ತಡೆಹಿಡಿದಿರುವುದನ್ನೂ ತಿಳಿದುಕೊಂಡಳು; ಆಮೇಲೆ ಉಳಿದರ್ಧಕ್ಕೆ ಮಾತ್ರ ವೆಚ್ಚ ಕಾಯ್ದಿರಿಸಿದಳು. ಅವಳ ವ್ಯಾಕರಣ ಹಲವು ಕಡೆ ತಪ್ಪಿತ್ತು. ಪದವಿ ಮುಗಿದಾಗ ಅವಳಿಗೆ ಖಾಯಂ ಕೆಲಸ ಕೊಡುವ ಮಾತು ಬಂದಾಗ ನಮ್ಮ ಮುಖ್ಯಸ್ಥರು ನೆನೆದದ್ದು ಆ ಫೋನನ್ನು. ಅವಳು ಓದಿದ ಸ್ಕೂಲು ಯಾವುದೆಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ.

ಈ ಕಾರಣಕ್ಕೆ ಸ್ಕೂಲಿನ ಊರೂ ಮುಖ್ಯ. ಮಾನ್‌ಹೈಮ್‌ನಿಂದ ರೈನ್ ನದಿ ದಾಟಿದರೆ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ನ ಊರು ಲುಡ್ವಿಗ್ಸ್‌ಹಾಫೆನ್. ದಕ್ಷಿಣಕ್ಕೆ ರೈಲಿನಲ್ಲಿ ಸ್ವಲ್ಪ ದೂರ ಹೋದರೆ ಎಸ್‌ಎಪಿಯ ವಾಲ್‌ಡಾರ್ಫ್. ಇವುಗಳ ಸುತ್ತ ಹೆಸರು ಕೇಳಿರದ ನೂರಾರು ಮಧ್ಯಮ ಗಾತ್ರದ ಕಂಪನಿಗಳು. ಬರ್ಲಿನ್‌ನಲ್ಲಿ ಇಂಗ್ಲಿಷ್ ಮಾತ್ರ ಬಲ್ಲವರಿಗೂ ಸ್ಟಾರ್ಟಪ್ಪುಗಳಲ್ಲಿ ಕೆಲಸ ಸಿಗುತ್ತದೆ ಎಂಬುದು ನಿಜ, ಆದರೆ ಆ ಕೆಲಸಗಳಿಗೆ ಇಡೀ ಜಗತ್ತೇ ಅರ್ಜಿ ಹಾಕುತ್ತದೆ. ನಿಮ್ಮ ಕ್ಷೇತ್ರವಾದ ಲೆಕ್ಕಪತ್ರದಲ್ಲಂತೂ ಜರ್ಮನ್ ಇಲ್ಲದೆ ಮುಂದೆ ಹೋಗುವುದು ಕಷ್ಟ; ವಾಣಿಜ್ಯ ಕಾನೂನು, ತೆರಿಗೆ ಕಚೇರಿಯ ಪತ್ರ, ಆಡಿಟರ ಪ್ರಶ್ನೆ ಎಲ್ಲವೂ ಆ ಭಾಷೆಯಲ್ಲಿ. ಹೊರಡುವ ಮೊದಲು ಇಂದಿರಾನಗರದ ಜರ್ಮನ್ ಕಲಿಸುವ ಮ್ಯಾಕ್ಸ್ ಮ್ಯೂಲರ್ ಭವನದಲ್ಲಿ ಬಿ1 ಎಂಬ ಮಧ್ಯಮ ಹಂತ ಮುಗಿಸಿ, ಇಲ್ಲಿ ಬಂದು ಅದರ ಮುಂದಿನ ಬಿ2 ಮಾಡಿ. ನೀವು ತಡೆಯಬೇಕೆಂದಿರುವ ಆ ಒಂದು ವರ್ಷ ಇದಕ್ಕೇ ಸರಿಹೋಗುತ್ತದೆ, ಸಂಬಳವೂ ಬರುತ್ತಿರುತ್ತದೆ.

ಪದವಿಯ ನಂತರ ಕೆಲಸ ಹುಡುಕಲು ಹದಿನೆಂಟು ತಿಂಗಳ ವಾಸ್ತವ್ಯ ಪರವಾನಗಿ ಸಿಗುತ್ತದೆ. ಉನ್ನತ ಶಿಕ್ಷಣ ಪಡೆದ ವಿದೇಶಿ ನೌಕರರಿಗೆ ಕೊಡುವ ವಾಸ್ತವ್ಯ ಪರವಾನಗಿಯಾದ ಬ್ಲೂ ಕಾರ್ಡಿಗೆ 2025ರಲ್ಲಿ ವಾರ್ಷಿಕ ಸಂಬಳ 48,300 ಯೂರೋ ಇರಬೇಕಿತ್ತು. ಪದವಿ ಪಡೆದು ಮೂರು ವರ್ಷ ದಾಟದ ಹೊಸಬರಿಗೆ 43,759.80 ಸಾಕಿತ್ತು. ಈ ಮಿತಿ ಪ್ರತಿ ವರ್ಷ ಪರಿಷ್ಕರಣೆಯಾಗುವುದರಿಂದ ನೀವು ಓದು ಮುಗಿಸುವ ವರ್ಷದ ಅಂಕಿಯನ್ನು ಆಗ ನೋಡಿಕೊಳ್ಳಿ. ಇನ್ನೊಂದು ಮಾತು: ಮಾಸ್ಟರ್ಸ್ ಓದಿಗೆ ಇಲ್ಲಿದ್ದು ಮಾಡಿದ ಖರ್ಚನ್ನು ನಷ್ಟವೆಂದು ತೋರಿಸಿ ಮುಂದಿನ ಸಂಬಳದ ತೆರಿಗೆಯಲ್ಲಿ ಕಳೆಯಲು ಅವಕಾಶವಿದೆ. ಅದಕ್ಕೆ ಓದುವ ವರ್ಷಗಳ ರಿಟರ್ನ್ಸ್ ಸಲ್ಲಿಸಬೇಕು, ರಸೀದಿಗಳನ್ನೆಲ್ಲ ಜೋಪಾನವಾಗಿಡಬೇಕು.

ನಿಮ್ಮ ಆನ್‌ಲೈನ್ ಸರ್ಟಿಫಿಕೇಟುಗಳ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಹನ್ನೊಂದನ್ನು ಪಟ್ಟಿ ಮಾಡಿದ್ದೀರಿ. ಎಸ್‌ಎಪಿ ಹಣಕಾಸು ಮಾಡ್ಯೂಲಿನದನ್ನು ಉಳಿಸಿಕೊಂಡು ಮಿಕ್ಕವನ್ನು ಅರ್ಜಿಯಿಂದ ತೆಗೆಯಿರಿ. ಈ ದೇಶದಲ್ಲಿ ವೃತ್ತಿ ಕಲಿಕೆಗೆ ವಿಶ್ವವಿದ್ಯಾಲಯದಷ್ಟೇ ಗಟ್ಟಿಯಾದ ಇನ್ನೊಂದು ಏಣಿ ಇದೆ, ಅದರ ಪರೀಕ್ಷೆ ನಡೆಸುವುದು ಆಯಾ ಪ್ರದೇಶದ ವಾಣಿಜ್ಯೋದ್ಯಮ ಮಂಡಳಿ. ನಮ್ಮ ಕಚೇರಿಯ ಲೆಕ್ಕ ವಿಭಾಗದ ಮುಖ್ಯಸ್ಥೆ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಶಾಲೆ ಮುಗಿಸಿ ಕಂಪನಿಯಲ್ಲಿ ತರಬೇತಿಗೆ ಸೇರಿ, ಆಮೇಲೆ ಸಂಜೆ ಮತ್ತು ಶನಿವಾರದ ತರಗತಿಗಳಿಗೆ ಹೋಗಿ ಮಂಡಳಿಯ ಬಿಲಾನ್ಸ್‌ಬುಖ್‌ಹಾಲ್ಟರ್ ಪರೀಕ್ಷೆ ಪಾಸು ಮಾಡಿದವರು. ಬ್ಯಾಲೆನ್ಸ್ ಶೀಟಿನ ಪರಿಣತರಿಗೆ ಇರುವ ಆ ಪರೀಕ್ಷೆ ಕಠಿಣವೆಂದು ಹೆಸರಾದದ್ದು. ಈಚಿನ ನಿಯಮಗಳಲ್ಲಿ ಅದಕ್ಕೆ ‘ಬ್ಯಾಚುಲರ್ ಪ್ರೊಫೆಷನಲ್’ ಎಂಬ ಹೆಸರೂ ಸೇರಿದೆ. ತೆರಿಗೆಯ ಸಿಕ್ಕು ಬಿದ್ದಾಗ ಮಾಸ್ಟರ್ಸ್ ಮಾಡಿದ ನಾವೆಲ್ಲ ಅವರ ಕೋಣೆಗೆ ಹೋಗುತ್ತೇವೆ. ಇಲ್ಲಿ ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾದ ಮೇಲೆ ನೀವೂ ಆ ಪರೀಕ್ಷೆಯನ್ನು ಯೋಚಿಸಬಹುದು.

ಕೆಲಸದಲ್ಲಿದ್ದು ಕಲಿಯುವುದಕ್ಕೆ ಕಾನೂನಿನ ಬೆಂಬಲವೂ ಇದೆ. ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ 2015ರ ಜುಲೈಯಿಂದ, ಒಂದು ವರ್ಷ ಸೇವೆ ಮುಗಿಸಿದ ನೌಕರರು ಮಾನ್ಯತೆ ಪಡೆದ ತರಬೇತಿಗೆ ವರ್ಷಕ್ಕೆ ಐದು ದಿನ ಸಂಬಳಸಹಿತ ರಜೆ ಕೇಳಬಹುದು. ಪಕ್ಕದ ಬವೇರಿಯಾದಲ್ಲಿ ಇಂಥ ಕಾನೂನು ಇಲ್ಲ. ಬೆಂಗಳೂರಿನಿಂದ ಬಂದವರು ರಜೆ ಕೇಳಲು ಸಂಕೋಚಪಡುತ್ತಾರೆ, ಕೇಳದವರಿಗೆ ಯಾರೂ ತಾವಾಗಿ ಕೊಡುವುದಿಲ್ಲ.

ಈಗ ನೀವು ಮಾಡಬೇಕಾದದ್ದು. ಬರ್ಲಿನ್ ಸಂಸ್ಥೆಗೆ ಮುಂಗಡ ಕಟ್ಟುವ ಮೊದಲು ಏಜೆಂಟರನ್ನು ಬಿಟ್ಟು ಪ್ರವೇಶ ವಿಭಾಗಕ್ಕೆ ನೀವೇ ಬರೆಯಿರಿ: ಪದವಿ ಕೊಡುವುದು ಜರ್ಮನಿಯಲ್ಲಿ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯೋ ಅಥವಾ ಬೇರೆ ದೇಶದ ವಿಶ್ವವಿದ್ಯಾಲಯವೋ, ತರಗತಿಗಳು ಪೂರ್ಣವಾಗಿ ಕ್ಯಾಂಪಸ್ಸಿನಲ್ಲಿಯೇ ನಡೆಯುತ್ತವೆಯೋ, ವೀಸಾ ತಿರಸ್ಕೃತವಾದರೆ ಎಷ್ಟು ಹಣ ಎಷ್ಟು ದಿನದಲ್ಲಿ ಮರಳುತ್ತದೆ. ಮೊದಲೆರಡು ಉತ್ತರಗಳ ಮೇಲೆ ನಿಮ್ಮ ವೀಸಾ ಮತ್ತು ಆ ಹದಿನೆಂಟು ತಿಂಗಳು ನಿಂತಿವೆ. ಮಾನ್‌ಹೈಮ್‌ಗೆ ಅರ್ಜಿ ಏಪ್ರಿಲ್ 1ರಿಂದ ಮೇ 15ರವರೆಗೆ, ತರಗತಿ ಉಳಿದ ಕಡೆಗಿಂತ ಮೊದಲೇ, ಸೆಪ್ಟೆಂಬರಿನಲ್ಲಿ ಆರಂಭ. ಎರಡರಲ್ಲಿ ಯಾವುದಕ್ಕೆ ಹೊರಟರೂ ವೀಸಾಕ್ಕೆ ನಿಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇಕು, 2022ರ ನವೆಂಬರಿನಿಂದ ಅದು ಕಡ್ಡಾಯ. ಧಾರವಾಡದಿಂದ ಅಂಕಪಟ್ಟಿಗಳನ್ನು ತರಿಸಿಕೊಂಡು ಅದಕ್ಕೆ ಈ ತಿಂಗಳೇ ಹಾಕಿಬಿಡಿ. ಬರ್ಲಿನ್‌ನವರ ಉತ್ತರ ಬಂದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಓದಿ ಹೇಳುತ್ತೇನೆ.