ಕೌದಿಯ ಹಿಂಬದಿಗೆ ಜೀನ್ಸ್ ಬಟ್ಟೆ ಹಾಕಬಹುದಾ?

ಹಳೇ ಸೀರೆಗಳ ಕೌದಿಗೆ ಹಿಂಬದಿ ಜೀನ್ಸ್ ಬಟ್ಟೆ ಕೊಟ್ಟರೆ ಗಟ್ಟಿ ಬರುತ್ತಾ ಎಂದು ಕೇಳಿದ್ದೀರಲ್ಲ. ಗಟ್ಟಿಯೇನೋ ಬರುತ್ತದೆ. ಆದರೆ ತೀರ್ಥಹಳ್ಳಿಯ ಜುಲೈ ಮಳೆಯಲ್ಲಿ ಅದನ್ನು ಒಣಗಿಸುವವರು ಯಾರು? ನಾನೂ ಒಮ್ಮೆ ಹಾಕಿದ್ದೆ. ಒಗೆದು ನಾಲ್ಕು ದಿನ ಬಚ್ಚಲೊಲೆಯ ಹತ್ತಿರ ನೇತುಹಾಕಿದರೂ ಅಂಚಿನ ಥಂಡಿ ಹೋಗಲಿಲ್ಲ, ಕೊನೆಗೆ ಮುಗ್ಗಲು ವಾಸನೆ. ಹೊಲಿಯುವಾಗ ಎರಡು ಸೂಜಿ ಮುರಿದದ್ದು ಬೇರೆ.

ದಪ್ಪ ಖಾದಿ ಇಲ್ಲವೇ ಕೈಮಗ್ಗದ ಹತ್ತಿ ಬೆಡ್‌ಶೀಟ್ ಸಾಕು. ಹೊಸದಾದರೆ ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ, ಮೇಲಿನ ಸೀರೆಯೆಲ್ಲ ಸುಕ್ಕುಸುಕ್ಕು. ಸುತ್ತಲೂ 2 ಇಂಚು ಜಾಸ್ತಿ ಬಿಡಿ. ಅದನ್ನೇ ಮೇಲಕ್ಕೆ ಮಡಚಿ ಹೊಲಿದರೆ ಅಂಚುಪಟ್ಟಿಯೂ ಆಯಿತು.

ಒಳಗೆ ಹಳೇ ಹತ್ತಿ ಪಂಚೆ ಎರಡು ಪದರ ಹಾಕಿ. ಜಾಸ್ತಿಯಾದರೆ ಸೂಜಿ ಇಳಿಯುವುದಿಲ್ಲ. ಎಲ್ಲ ಹಾಸಿ, ನಡುವಿಂದ ಹೊರಕ್ಕೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಆಮೇಲೆ ಜೋಡಿ ದಾರದಲ್ಲಿ ಎರಡು ಬೆರಳಿಗೊಂದು ಸಾಲು.

ಜೀನ್ಸ್ ತಂದಿಟ್ಟಿದ್ದರೆ ಸುಮ್ನೆ ಎಸೆಯಬೇಡಿ, ನಾಲ್ಕು ಮೂಲೆಗೆ ತೇಪೆ ಹಾಕಿ. ಮೊದಲು ಹರಿಯುವುದು ಅಲ್ಲೇ ಅಲ್ವಾ.